ಹಳೆಯ ಜಪಾನಿ ಕ್ಯಾಮೆರಾ ಕೊಳ್ಳುವ ಮುನ್ನ ಒಳಗಿನ ಶಟರ್ ಯಾವುದೆಂದು ಕೇಳಿ

ಫಿಲ್ಮ್ ಕ್ಯಾಮೆರಾಗಳನ್ನು ಮತ್ತೆ ಕೈಗೆತ್ತಿಕೊಳ್ಳುವವರು ಹೆಚ್ಚಾದಂತೆ ನಿಕಾನ್, ಕ್ಯಾನನ್, ಪೆಂಟಾಕ್ಸ್, ಒಲಿಂಪಸ್‌ಗಳ ಬೆಲೆ ಏರಿಬಿಟ್ಟಿದೆ. ಕೈಗೆಟುಕುವ ಬೆಲೆಗೆ ಸಿಗುವುದು ಅವುಗಳ ನೆರಳಿನಲ್ಲಿ ಉಳಿದುಹೋದ ಹೆಸರುಗಳು: ಮಿರಾಂಡಾ, ಪೆಟ್ರಿ, ಟಾಪ್ಕಾನ್, ಕೋವಾ, ಕೊನಿಕಾ, ರಿಕೋ, ಮಾಮಿಯಾ, ಫುಜಿಕಾ, ಕೊಸಿನಾ. ಇಂಥದ್ದೊಂದು ಕಣ್ಣಿಗೆ ಬಿದ್ದ ಕೂಡಲೇ ಏಳುವ ಪ್ರಶ್ನೆ, ‘ಇದನ್ನು ನೆಚ್ಚಬಹುದೇ?’ ಎಂಬುದು. ಸಿಗುವ ಉತ್ತರ ಬಹುಪಾಲು ಹೆಸರಿನ ಮೇಲೆಯೇ ನಿಂತಿರುತ್ತದೆ. ಕೊನಿಕಾ ಗಟ್ಟಿ, ಪೆಟ್ರಿ ಬೇಡ, ಮಿರಾಂಡಾ ಚೆಂದ ಆದರೆ ಕೈಕೊಡುತ್ತದೆ, ಹೀಗೆ. ಈ ಮಾತುಗಳು ಸುಳ್ಳೇನಲ್ಲ. ಆದರೆ ಯಾಕೆ ಹಾಗೆ ಎಂಬುದನ್ನು ಅವು ಹೇಳುವುದಿಲ್ಲ. ಯಾಕೆಂದು ತಿಳಿಯದಿದ್ದರೆ ನಿಮ್ಮ ಮುಂದಿರುವ ಈ ಒಂದು ಕ್ಯಾಮೆರಾದ ಬಗ್ಗೆ ನಿರ್ಧಾರ ಮಾಡಲು ಆಗುವುದಿಲ್ಲ.

ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಒಳಗೆ ಕೂತಿರುವ ಶಟರ್ ಯಾವುದು? ಒಂದು ಫೋಟೊ ತೆಗೆಯಲು ಒಳಗೆ ಎಷ್ಟು ಕೆಲಸಗಳು ಸಾಲಾಗಿ, ತಪ್ಪದೆ ನಡೆಯಬೇಕು? ಲೋಹವಲ್ಲದ ವಸ್ತುಗಳು, ಅಂದರೆ ಬಟ್ಟೆ, ರಬ್ಬರ್, ಸ್ಪಾಂಜ್, ಗ್ರೀಸ್, ಎಲ್ಲೆಲ್ಲಿವೆ? ಐವತ್ತು ವರ್ಷ ದಾಟಿದ ಯಂತ್ರದ ಹಣೆಬರಹ ಈ ಮೂರರಲ್ಲೇ ಇದೆ.

ಇದಕ್ಕೆ ನಿಕಾನ್ ಕಂಪನಿಯೇ ಒಳ್ಳೆಯ ಸಾಕ್ಷಿ. 1960ರಲ್ಲಿ ಅದು ನಿಕೋರೆಕ್ಸ್ 35 ಎಂಬ ಕಡಿಮೆ ಬೆಲೆಯ ಎಸ್‌ಎಲ್‌ಆರ್, ಅಂದರೆ ಒಳಗಿನ ಕನ್ನಡಿಯ ನೆರವಿನಿಂದ ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾ, ತಂದಿತು. ಲೆನ್ಸಿನೊಳಗೇ ಕೂರುವ ಎಲೆ ಶಟರ್ ಅದಕ್ಕೆ. ಪದೇ ಪದೇ ಕೆಡುತ್ತದೆಂದು ಆ ಕ್ಯಾಮೆರಾ ಹೆಸರು ಕೆಡಿಸಿಕೊಂಡಿತು. 1962ರಲ್ಲಿ ಬಂದ ನಿಕೋರೆಕ್ಸ್ ಎಫ್ ಅನ್ನು ನಿಕಾನ್‌ಗಾಗಿ ತಯಾರಿಸಿದ್ದು ಮಾಮಿಯಾ. ಅದರೊಳಗೆ ಕೂತದ್ದು ಕೋಪಾಲ್ ಎಂಬ ಇನ್ನೊಂದು ಕಂಪನಿಯ ಲೋಹದ ಶಟರ್. ಎರಡರ ಮೇಲೂ ಇರುವುದು ಒಂದೇ ಹೆಸರು. ಆದರೆ ಇವತ್ತು ಎರಡನೆಯದನ್ನು ಧೈರ್ಯವಾಗಿ ಕೊಳ್ಳಬಹುದು, ಮೊದಲನೆಯದನ್ನು ಕಪಾಟಿನಲ್ಲಿಟ್ಟು ನೋಡಲು ಮಾತ್ರ ಕೊಳ್ಳಬೇಕು.

ಪರದೆಯ ಓಟ

ಶಟರ್ ಎಂದರೆ ಫಿಲ್ಮಿನ ಮೇಲೆ ಬೆಳಕು ಎಷ್ಟು ಹೊತ್ತು ಬೀಳಬೇಕೆಂದು ನಿರ್ಧರಿಸುವ ಬಾಗಿಲು. ಹಳೆಯ ಎಸ್‌ಎಲ್‌ಆರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಬಟ್ಟೆಯ ಪರದೆಯ ಶಟರ್. ರಬ್ಬರ್ ಲೇಪಿಸಿದ ತೆಳು ರೇಷ್ಮೆಯ ಎರಡು ಪರದೆಗಳು ಫಿಲ್ಮಿನ ಮುಂದೆ ಅಡ್ಡಲಾಗಿ ಓಡುತ್ತವೆ. ಮೊದಲನೆಯದು ಓಡಿ ಬಾಗಿಲು ತೆರೆಯುತ್ತದೆ, ಎರಡನೆಯದು ಅದರ ಬೆನ್ನಟ್ಟಿ ಬಂದು ಮುಚ್ಚುತ್ತದೆ. ಎರಡನ್ನೂ ಎಳೆಯುವುದು ಸಣ್ಣ ಕೊಳವೆಗಳೊಳಗೆ ಸುತ್ತಿಟ್ಟ ಸ್ಪ್ರಿಂಗ್‌ಗಳು.

ಇಲ್ಲಿ ಒಂದಿಷ್ಟು ಲೆಕ್ಕ ಹಾಕಿದರೆ ಮುಂದಿನದೆಲ್ಲ ಸುಲಭ. 35 ಎಂಎಂ ಫಿಲ್ಮಿನ ಒಂದು ಫ್ರೇಮ್ 36 ಮಿಲಿಮೀಟರ್ ಅಗಲ. ಆ ದೂರ ಕ್ರಮಿಸಲು ಬಟ್ಟೆಯ ಪರದೆಗೆ ಸುಮಾರು 14 ಮಿಲಿಸೆಕೆಂಡ್ ಬೇಕು. ನೀವು 1/60 ಸೆಕೆಂಡಿಗೆ ಇಟ್ಟರೆ, ಅಂದರೆ ಸುಮಾರು 17 ಮಿಲಿಸೆಕೆಂಡ್, ಮೊದಲ ಪರದೆ ಪೂರ್ತಿ ದಾಟಿ ಹೋದ ಮೇಲಷ್ಟೇ ಎರಡನೆಯದು ಹೊರಡುತ್ತದೆ. ಒಂದು ಗಳಿಗೆ ಇಡೀ ಫ್ರೇಮ್ ತೆರೆದಿರುತ್ತದೆ. ಫ್ಲಾಶ್ ಬಳಸಲು 1/60ಕ್ಕಿಂತ ವೇಗ ಬೇಡ ಎನ್ನುವುದು ಇದೇ ಕಾರಣಕ್ಕೆ. 1/1000ಕ್ಕೆ ಇಟ್ಟರೆ ಕತೆ ಬೇರೆ. ಮೊದಲ ಪರದೆ ಹೊರಟ ಒಂದೇ ಮಿಲಿಸೆಕೆಂಡಿಗೆ ಎರಡನೆಯದೂ ಹೊರಡಬೇಕು. ಆಗ ಎರಡರ ನಡುವೆ ಉಳಿಯುವುದು ಬರೀ ಎರಡೂವರೆ ಮಿಲಿಮೀಟರ್ ಸಂದು. ಆ ಸಂದು ಫ್ರೇಮಿನ ಈ ತುದಿಯಿಂದ ಆ ತುದಿಗೆ ಸರಿದುಹೋಗುತ್ತದೆ.

ಈಗ ಎರಡನೇ ಪರದೆ ಅರ್ಧ ಮಿಲಿಸೆಕೆಂಡ್ ತಡವಾಯಿತು ಎಂದುಕೊಳ್ಳಿ. 1/60ರಲ್ಲಿ ಅದು ಲೆಕ್ಕಕ್ಕೇ ಇಲ್ಲ. 1/1000ದಲ್ಲಿ ಬೆಳಕು ಒಂದೂವರೆ ಪಟ್ಟು ಆಗಿಬಿಡುತ್ತದೆ. ಎರಡನೆಯದು ಬೇಗ ಓಡಿ ಮೊದಲನೆಯದನ್ನು ದಾರಿಯಲ್ಲೇ ಹಿಡಿದುಬಿಟ್ಟರೆ ಸಂದು ಮುಚ್ಚಿಹೋಗಿ ಚಿತ್ರದ ಒಂದು ಬದಿ ಕಪ್ಪಾಗುತ್ತದೆ. ಹಳೆಯ ಬಟ್ಟೆ ಶಟರ್‌ನ ಕ್ಯಾಮೆರಾದಲ್ಲಿ 1/125, 1/250ರ ಚಿತ್ರಗಳು ಚೆನ್ನಾಗಿ ಬಂದು 1/1000ದವು ಹಾಳಾಗುವುದು ಇದರಿಂದಲೇ. ಕ್ಯಾಮೆರಾ ‘ಅರ್ಧ ಕೆಟ್ಟಿದೆ’ ಎಂದೇನಲ್ಲ. ಎಲ್ಲ ವೇಗಗಳಲ್ಲೂ ಇರುವ ಅದೇ ಸಣ್ಣ ದೋಷ ಅಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆ. ಇಂಥ ಕ್ಯಾಮೆರಾ ಕಡಿಮೆ ಬೆಲೆಗೆ ಸಿಕ್ಕರೆ, 1/500ರ ಆಚೆ ಹೋಗದೆ ವರ್ಷಗಟ್ಟಲೆ ಬಳಸಬಹುದು.

ಬಟ್ಟೆಗೆ ಅದರದೇ ಆದ ಮುಪ್ಪೂ ಇದೆ. ರಬ್ಬರ್ ಲೇಪ ಒಣಗಿ ಬಿರಿಯುತ್ತದೆ, ಸೂಜಿಮೊನೆಯಷ್ಟು ತೂತು ಬೀಳುತ್ತದೆ, ಪರದೆಯನ್ನು ಎಳೆಯುವ ಪಟ್ಟಿಯ ಅಂಟು ಬಿಡುತ್ತದೆ. ಮಿರಾಂಡಾ, ಪೆಟ್ರಿ, ಟಾಪ್ಕಾನ್‌ನ ದೊಡ್ಡ ಎಸ್‌ಎಲ್‌ಆರ್‌ಗಳು, ಮಾಮಿಯಾದ ಟಿಎಲ್ ಮತ್ತು ಡಿಟಿಎಲ್ ಸರಣಿ, ಫುಜಿಕಾದ ಎಸ್‌ಟಿ ಸರಣಿ ಎಲ್ಲದರಲ್ಲೂ ಇರುವುದು ಬಟ್ಟೆಯೇ.

ಕೋಪಾಲ್ ತಂದ ಬದಲಾವಣೆ

ಕೊನಿಕಾ ಹೆಸರಿನಲ್ಲಿ ಕ್ಯಾಮೆರಾ ಮಾಡುತ್ತಿದ್ದ ಕೊನಿಶಿರೋಕು ಕಂಪನಿ 1960ರಲ್ಲಿ ಕೊನಿಕಾ ಎಫ್ ಎಂಬ ಎಸ್‌ಎಲ್‌ಆರ್ ತಂದಿತು. ಅದರ ಶಟರ್ ಅಡ್ಡಲಾಗಿ ಓಡದೆ ಲಂಬವಾಗಿ ಓಡುತ್ತಿತ್ತು. ಬಟ್ಟೆಯ ಬದಲು ತೆಳು ಲೋಹದ ತಗಡುಗಳು. ಗರಿಷ್ಠ ವೇಗ 1/2000. ಆ ಕಾಲಕ್ಕೆ ಅದು ದೊಡ್ಡ ಮಾತು. ಈ ದಾರಿಯಲ್ಲೇ ಮುಂದೆ ಹೋಗಿ, ಯಾವ ಕಂಪನಿ ಬೇಕಾದರೂ ಕೊಂಡು ತನ್ನ ಕ್ಯಾಮೆರಾದೊಳಗೆ ಕೂರಿಸಬಹುದಾದ ಒಂದು ಬಿಡಿ ಘಟಕವಾಗಿ ಬಂದದ್ದು ಕೋಪಾಲ್ ಸ್ಕ್ವೇರ್.

ಇದರ ಜಾಣತನ ಎಲ್ಲಿದೆ ಎಂದರೆ, ಫ್ರೇಮಿನ ಎತ್ತರ 24 ಮಿಲಿಮೀಟರ್ ಮಾತ್ರ. ಅಗಲಕ್ಕಿಂತ ಮೂರನೇ ಒಂದು ಭಾಗ ಕಡಿಮೆ ದೂರ. ಸುಮಾರು 7 ಮಿಲಿಸೆಕೆಂಡಿನಲ್ಲಿ ಓಟ ಮುಗಿಯುತ್ತದೆ. ಹಾಗಾಗಿ ಫ್ಲಾಶ್ 1/125ರಲ್ಲೂ ಕೆಲಸ ಮಾಡುತ್ತದೆ, 1/1000ದ ಸಂದು ಇನ್ನಷ್ಟು ಅಗಲ ಉಳಿಯುತ್ತದೆ, ಸಣ್ಣಪುಟ್ಟ ಏರುಪೇರು ಚಿತ್ರವನ್ನು ಅಷ್ಟಾಗಿ ಕೆಡಿಸುವುದಿಲ್ಲ. ಲೋಹಕ್ಕೆ ಬಿರುಕು ಬರುವುದಿಲ್ಲ, ತೂತು ಬೀಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಇದು ಶಟರ್ ಮಾಡುವುದನ್ನೇ ಕಸುಬಾಗಿಸಿಕೊಂಡ ಕಂಪನಿಯಲ್ಲಿ ಜೋಡಣೆಯಾಗಿ, ಹೊಂದಾಣಿಕೆಯಾಗಿ ಬರುತ್ತಿತ್ತು. ಕ್ಯಾಮೆರಾ ಕಂಪನಿ ಸಣ್ಣದೋ ದೊಡ್ಡದೋ, ಅದರ ಕೆಲಸಗಾರರಿಗೆ ಪರದೆಯ ಸ್ಪ್ರಿಂಗ್ ಹದ ಮಾಡುವ ಕೈಚಳಕ ಇತ್ತೋ ಇಲ್ಲವೋ, ಒಳಗಿನ ಹೃದಯ ಒಂದೇ ಗುಣಮಟ್ಟದ್ದು.

ಹೀಗೆ ನಿಕಾನ್ ಕಂಪನಿಯ 1965ರ ನಿಕೋರ್‌ಮ್ಯಾಟ್ ಎಫ್‌ಟಿಯಲ್ಲಿ ಕೂತ ಅದೇ ಕುಲದ ಶಟರ್, 1968ರ ಕೊನಿಕಾ ಆಟೋರಿಫ್ಲೆಕ್ಸ್ ಟಿ, ಅದೇ ವರ್ಷದ ಯಾಶಿಕಾ ಟಿಎಲ್ ಎಲೆಕ್ಟ್ರೊ ಎಕ್ಸ್, ರಿಕೋ ಸಿಂಗ್ಲೆಕ್ಸ್ ಟಿಎಲ್‌ಎಸ್ ಇವುಗಳಲ್ಲೂ ಕೂತಿದೆ. ಮೊದಲನೆಯದಕ್ಕೆ ಹೆಸರಿನ ಬೆಲೆ ಕೊಡಬೇಕು. ಉಳಿದವಕ್ಕೆ ಅಷ್ಟಿಲ್ಲ. ‘ಹೆಸರಿಲ್ಲದ ಎಸ್‌ಎಲ್‌ಆರ್‌ಗಳಲ್ಲಿ ಯಾವುದು ತೆಗೆದುಕೊಳ್ಳಲಿ’ ಎಂದು ಯಾರಾದರೂ ಕೇಳಿದರೆ ನಾನು ಯೋಚಿಸದೆ ಹೇಳುವುದು ಕೊನಿಕಾದ ಟಿ ಅಥವಾ 1973ರ ಟಿ3, ಇಲ್ಲವೇ ರಿಕೋದ ಟಿಎಲ್‌ಎಸ್. ಶಬ್ದ ಜೋರು, ತೂಕ ಜಾಸ್ತಿ. ಆದರೆ ನಂಬಿಗಸ್ತ.

ಕೊನಿಕಾ ಟಿಯ ಶಟರ್ ಬಟನ್ ಒತ್ತಿ ನೋಡಿದವರಿಗೆ ಅದು ವಿಪರೀತ ಆಳಕ್ಕೆ ಇಳಿಯುತ್ತದಲ್ಲ ಎನಿಸುತ್ತದೆ. ಕೆಟ್ಟಿದೆ ಎಂದುಕೊಂಡು ವಾಪಸ್ ಕೊಟ್ಟವರೂ ಇದ್ದಾರೆ. ಅದು ದೋಷವಲ್ಲ. ಆ ಕ್ಯಾಮೆರಾ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯ ಗಾತ್ರವನ್ನು, ತಾನೇ ಆರಿಸಿಕೊಳ್ಳುತ್ತದೆ. ಅದಕ್ಕೆ ಮೋಟಾರ್ ಇಲ್ಲ, ಚಿಪ್ ಇಲ್ಲ. ಬೆಳಕಿಗೆ ತಕ್ಕಂತೆ ಮೀಟರಿನ ಮುಳ್ಳು ಒಂದು ಕಡೆ ನಿಲ್ಲುತ್ತದೆ. ನೀವು ಬಟನ್ ಒತ್ತುತ್ತಾ ಹೋದಂತೆ ಒಳಗೆ ಎರಡು ದವಡೆಗಳು ಆ ಮುಳ್ಳನ್ನು ಇದ್ದಲ್ಲೇ ಕಚ್ಚಿ ಹಿಡಿಯುತ್ತವೆ. ಆಮೇಲೆ ಒಂದು ಲೀವರ್ ಮುಳ್ಳಿಗೆ ತಾಗುವವರೆಗೆ ಸರಿದು, ಎಷ್ಟು ಸರಿಯಿತೋ ಅಷ್ಟಕ್ಕೆ ಲೆನ್ಸಿನ ಅಪರ್ಚರ್ ನಿಲ್ಲಿಸುತ್ತದೆ. ಇಷ್ಟೆಲ್ಲ ಕೆಲಸಕ್ಕೆ ಶಕ್ತಿ ಕೊಡುವುದು ನಿಮ್ಮ ಬೆರಳು. ಆಳಕ್ಕೆ ಇಳಿಯುವುದು ಅದಕ್ಕೇ.

ಕೊಸಿನಾ ಹೆಸರನ್ನೂ ಇಲ್ಲೇ ಹೇಳಬೇಕು. ನಾಗಾನೊ ಪ್ರಾಂತ್ಯದ ಈ ಕಂಪನಿಯ ಹೆಸರು ಕೇಳಿದವರು ಕಡಿಮೆ, ಅದರ ಕ್ಯಾಮೆರಾ ಬಳಸಿದವರು ಬಹಳ. ಯಾಶಿಕಾ ಎಫ್‌ಎಕ್ಸ್-3, ನಿಕಾನ್ ಎಫ್‌ಎಂ10, ಒಲಿಂಪಸ್ ಒಎಂ-2000, ಕ್ಯಾನನ್ ಟಿ60 ಎಲ್ಲವೂ ಅದರ ಕಾರ್ಖಾನೆಯಿಂದ ಹೊರಬಂದವು. ಮೈ ಪ್ಲಾಸ್ಟಿಕ್, ಕೈಗೆ ಹಗುರ, ನೋಡಲು ಸಾಧಾರಣ. ಒಳಗಿರುವುದು ಲಂಬವಾಗಿ ಓಡುವ ಸರಳ ಲೋಹದ ಶಟರ್. ಕ್ಯಾನನ್ ಟಿ60 ಬಿಟ್ಟರೆ ಉಳಿದವಕ್ಕೆ ಸೆಲ್ ಬೇಕಿರುವುದು ಮೀಟರಿಗೆ ಮಾತ್ರ. ಎಫ್‌ಎಕ್ಸ್-3ರ ಮೈಗೆ ಅಂಟಿಸಿದ ಕಪ್ಪು ಹೊದಿಕೆ ಹುಡಿಹುಡಿಯಾಗಿ ಉದುರುತ್ತದೆ. ಅದನ್ನು ಕಂಡು ಹಿಂಜರಿಯಬೇಡಿ, ಯಂತ್ರಕ್ಕೂ ಅದಕ್ಕೂ ಸಂಬಂಧವಿಲ್ಲ.

ಒಂದು ಕ್ಲಿಕ್ಕಿಗೆ ಎಷ್ಟು ಕೆಲಸ

ಎರಡನೇ ಪ್ರಶ್ನೆಗೆ ಬರೋಣ. ಎಲೆ ಶಟರ್ ಎಂದರೆ ಲೆನ್ಸಿನ ಗಾಜುಗಳ ನಡುವೆ ಕೂರುವ ಐದಾರು ತೆಳು ಎಲೆಗಳು, ನಡುವಿನಿಂದ ಹೊರಕ್ಕೆ ತೆರೆದು ಮತ್ತೆ ಮುಚ್ಚುತ್ತವೆ. ಲೆನ್ಸಿನ ಮೂಲಕವಲ್ಲದೆ ಬೇರೊಂದು ಕಿಂಡಿಯಿಂದ ನೋಡುವ ಸಾಧಾರಣ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಇದರಷ್ಟು ಸರಳ ವ್ಯವಸ್ಥೆ ಇನ್ನೊಂದಿಲ್ಲ. ಫೋಟೊ ತೆಗೆಯುವಾಗ ತೆರೆಯಬೇಕು, ಮುಚ್ಚಬೇಕು, ಅಷ್ಟೇ. ಸೈಕೊಶಾ, ಕೋಪಾಲ್, ಸಿಟಿಜನ್ ಕಂಪನಿಗಳು ಇವನ್ನು ಹೇರಳವಾಗಿ ಮಾಡಿ ಎಲ್ಲರಿಗೂ ಮಾರುತ್ತಿದ್ದವು. 1961ರ ಪೆಟ್ರಿ 7, ಕೊನಿಕಾ ಆಟೋ ಎಸ್2 ಇಂಥವು ಇವತ್ತಿಗೂ ಒಂದು ಸರ್ವಿಸ್ ಮಾಡಿಸಿದರೆ ಓಡುತ್ತವೆ.

ಇದೇ ಶಟರನ್ನು ಎಸ್‌ಎಲ್‌ಆರ್‌ಗೆ ಹಾಕಿದರೆ ಏನಾಗುತ್ತದೆ ನೋಡಿ. ಎಸ್‌ಎಲ್‌ಆರ್‌ನಲ್ಲಿ ನೀವು ಲೆನ್ಸಿನ ಮೂಲಕವೇ ನೋಡಬೇಕು, ಹಾಗಾಗಿ ಶಟರ್ ಸದಾ ತೆರೆದಿರಬೇಕು. ಅದು ತೆರೆದಿದ್ದರೆ ಫಿಲ್ಮಿಗೆ ಬೆಳಕು ತಾಗುತ್ತದೆ, ಹಾಗಾಗಿ ಕನ್ನಡಿಯ ಹಿಂದೆ ಇನ್ನೊಂದು ಬೆಳಕುತಡೆ ಬೇಕು. ಬಟನ್ ಒತ್ತಿದಾಗ ಮೊದಲು ತೆರೆದ ಶಟರ್ ಮುಚ್ಚಬೇಕು. ಅಪರ್ಚರ್ ಕಿರಿದಾಗಬೇಕು. ಕನ್ನಡಿ ಏಳಬೇಕು, ಬೆಳಕುತಡೆ ಸರಿಯಬೇಕು. ಆಮೇಲೆ ಶಟರ್ ಮತ್ತೆ ತೆರೆದು, ಹೇಳಿದಷ್ಟು ಹೊತ್ತು ನಿಂತು, ಮುಚ್ಚಬೇಕು. ಮುಂದಿನ ಫೋಟೊಗೆ ಕಣ್ಣಿಟ್ಟು ನೋಡುವ ಮೊದಲು ಇದೆಲ್ಲವೂ ತಲೆಕೆಳಗಾಗಿ ನಡೆದು ಮೊದಲಿನ ಸ್ಥಿತಿಗೆ ಬರಬೇಕು. ಒಂದು ಲೀವರ್ ಕೂದಲೆಳೆಯಷ್ಟು ತಡವಾದರೆ ಮುಂದಿನದಕ್ಕೆ ಸಂಕೇತ ಸಿಗುವುದಿಲ್ಲ, ಇಡೀ ಸರಣಿ ನಡುವೆಯೇ ನಿಲ್ಲುತ್ತದೆ.

ಕೋವಾ ಕಂಪನಿ ಈ ದಾರಿಯಲ್ಲಿ ಬಹಳ ದೂರ ನಡೆಯಿತು. 1960ರ ಕೋವಾಫ್ಲೆಕ್ಸ್‌ನಿಂದ ಹಿಡಿದು ಎಸ್‌ಇ, ಎಸ್‌ಇಟಿಆರ್‌ವರೆಗೂ ಎಲೆ ಶಟರಿನ ಎಸ್‌ಎಲ್‌ಆರ್‌ಗಳೇ. ಅವುಗಳ ಲೆನ್ಸ್ ತುಂಬ ಚೆನ್ನಾಗಿದೆ, ತಯಾರಿಕೆಯಲ್ಲೂ ಶ್ರದ್ಧೆ ಕಾಣುತ್ತದೆ. ಕೆಡುವುದು ಕೆಟ್ಟ ಕೆಲಸಗಾರಿಕೆಯಿಂದಲ್ಲ, ಯೋಜನೆಯೇ ಅಷ್ಟು ಸಿಕ್ಕು. ಕಂಪನಿ 1968ರಲ್ಲಿ ತಂದ ಕೋವಾ ಸಿಕ್ಸ್ ಎಂಬ ದೊಡ್ಡ ಫಿಲ್ಮಿನ ಕ್ಯಾಮೆರಾದಲ್ಲೂ ರೋಲ್ ತಿರುಗಿಸುವ ಗೇರ್ ಸವೆಯುವುದು ಎಲ್ಲರಿಗೂ ಗೊತ್ತಿರುವ ದೌರ್ಬಲ್ಯ. ಕೋವಾದ ಮೇಲೆ ನನಗೆ ಪ್ರೀತಿ ಇದೆ. ಆದರೂ ಮೊದಲ ಕ್ಯಾಮೆರಾ ಕೊಳ್ಳುವವರಿಗೆ ಅದನ್ನು ಹೇಳಲಾರೆ.

ಕೆಲಸ ಹೆಚ್ಚಿಸದೆ ಕಡಿಮೆ ಮಾಡಿದ ಯೋಚನೆಗೂ ಜಪಾನಿನಲ್ಲೇ ಒಂದು ಸೊಗಸಾದ ಉದಾಹರಣೆ ಇದೆ. 1940ರ ಮಾಮಿಯಾ ಸಿಕ್ಸ್ ಮಡಚುವ ಕ್ಯಾಮೆರಾ. ಇಂಥವುಗಳಲ್ಲಿ ಫೋಕಸ್ ಮಾಡಲು ಮುಂದೆ ಚಾಚಿದ ಲೆನ್ಸ್ ಹಿಂದೆ ಮುಂದೆ ಸರಿಯಬೇಕು. ಅದು ಸಡಿಲವಾದರೆ ಫೋಕಸ್ ಕೆಡುತ್ತದೆ, ದೂರ ಅಳೆಯುವ ರೇಂಜ್‌ಫೈಂಡರಿನ ಜೊತೆ ಅದನ್ನು ಜೋಡಿಸುವುದೂ ತಲೆನೋವು. ಅದನ್ನು ರೂಪಿಸಿದ ಸೆಯಿಚಿ ಮಾಮಿಯಾ ಲೆನ್ಸನ್ನು ಮುಟ್ಟದೆ ಫಿಲ್ಮನ್ನೇ ಹಿಂದೆ ಮುಂದೆ ಸರಿಸುವಂತೆ ಮಾಡಿದರು. ಹಿಂದಿನ ಚಕ್ರ ಬೆರಳಿನಿಂದ ತಿರುಗಿಸಿದರೆ ಫಿಲ್ಮ್ ಕೂರುವ ಚೌಕಟ್ಟು ಸರಿಯುತ್ತದೆ, ರೇಂಜ್‌ಫೈಂಡರ್ ಪಕ್ಕದಲ್ಲೇ ಇರುವುದರಿಂದ ಜೋಡಣೆ ನೇರ. ಲೆನ್ಸಿನ ಹಿಂದಿನ ಮಡಿಕೆ ಚೀಲಕ್ಕೆ, ಅಂದರೆ ಬೆಲ್ಲೋಸಿಗೆ, ತೂತು ಬಿದ್ದಿಲ್ಲವಾದರೆ ಇವತ್ತಿಗೂ ಅವು ಹದವಾಗಿ ಫೋಕಸ್ ಆಗುತ್ತವೆ.

ಚೆಂದದ ಯಂತ್ರಗಳು, ಬೇರೆ ಬೇರೆ ರೋಗಗಳು

ಟಾಪ್ಕಾನ್ ಎಂಬ ಹೆಸರನ್ನು ನೀವು ಕಣ್ಣಿನ ಆಸ್ಪತ್ರೆಯ ಪರೀಕ್ಷಾ ಯಂತ್ರದ ಮೇಲೋ, ರಸ್ತೆ ಬದಿ ಸರ್ವೆ ಮಾಡುವವರ ಉಪಕರಣದ ಮೇಲೋ ನೋಡಿರಬಹುದು. ಅದೇ ಕಂಪನಿ, ಆಗಿನ ಟೋಕಿಯೊ ಕೊಗಾಕು, 1963ರಲ್ಲಿ ಆರ್‌ಇ ಸೂಪರ್ ತಂದಿತು. ಲೆನ್ಸಿನ ಮೂಲಕ, ಅಪರ್ಚರ್ ಪೂರ್ತಿ ತೆರೆದಿರುವಾಗಲೇ ಬೆಳಕು ಅಳೆಯುವ ಎಸ್‌ಎಲ್‌ಆರ್ ಜಗತ್ತಿನಲ್ಲಿ ಅದೇ ಮೊದಲು. ಕನ್ನಡಿಯ ಮೇಲೆ ಸಣ್ಣ ಗೀರುಗಳನ್ನು ಕೊರೆದು, ಅವುಗಳ ಮೂಲಕ ನುಸುಳಿದ ಬೆಳಕು ಹಿಂದಿರುವ, ಬೆಳಕು ಅಳೆಯುವ ಸಿಡಿಎಸ್ ಸೆಲ್ಲಿಗೆ ಬೀಳುವಂತೆ ಮಾಡಿದ್ದರು. ಮೈಕಟ್ಟು ಬಂಡೆಯಂತಿದ್ದ ಈ ಕ್ಯಾಮೆರಾ ಅಮೆರಿಕದ ನೌಕಾಪಡೆಯ ಬಳಕೆಗೂ ಹೋಯಿತು. ಇಷ್ಟೆಲ್ಲ ಗಟ್ಟಿಯಿರುವ ಯಂತ್ರದೊಳಗೆ ಲೆನ್ಸಿನ ಅಪರ್ಚರ್ ಉಂಗುರದಿಂದ ಮೀಟರಿಗೆ ಮಾಹಿತಿ ಒಯ್ಯುವುದು ಒಂದು ಎಳೆಯಷ್ಟು ಸಣ್ಣ ಸರಪಳಿ. ಅದು ತುಂಡಾದರೆ ಮೀಟರ್ ಹೋಯಿತು. ಸಮಾಧಾನವೆಂದರೆ ಶಟರ್, ಕನ್ನಡಿ ಎಲ್ಲ ನಡೆಯುತ್ತಲೇ ಇರುತ್ತವೆ. ಫೋನಿನಲ್ಲಿ ಬೆಳಕು ಅಳೆದುಕೊಂಡು ಬಳಸಬಹುದು.

ಮಿರಾಂಡಾ 1955ರಲ್ಲಿ ತನ್ನ ಟಿ ಮಾದರಿಯೊಂದಿಗೆ, ಕಣ್ಣಮಟ್ಟದಲ್ಲಿ ನೇರ ಚಿತ್ರ ತೋರಿಸುವ ಪೆಂಟಾಪ್ರಿಸಂ ಇರುವ ಮೊದಲ ಜಪಾನಿ ಎಸ್‌ಎಲ್‌ಆರ್ ಕೊಟ್ಟ ಕಂಪನಿ. ಲೋಹದ ಮೆರುಗು, ಬಿಚ್ಚಿ ತೆಗೆಯಬಹುದಾದ ಪ್ರಿಸಂ, ಮುಂಭಾಗದಲ್ಲಿರುವ ಶಟರ್ ಬಟನ್, ಎಲ್ಲವೂ ಹಿತ. ಆದರೆ 1966ರ ನಂತರದ ಸೆನ್ಸೊರೆಕ್ಸ್ ಮಾದರಿಗಳಲ್ಲಿ ಕನ್ನಡಿ ಮೇಲೆಯೇ ಸಿಕ್ಕಿಕೊಳ್ಳುವುದು, ಪ್ರಿಸಂನ ಬೆಳ್ಳಿ ಲೇಪ ಕಪ್ಪಾಗಿ ಸುಲಿಯುವುದು ಮಾಮೂಲು. ಮೊದಲನೆಯದಕ್ಕೆ ಗಟ್ಟಿಯಾದ ಗ್ರೀಸ್ ಕಾರಣ, ಬಿಚ್ಚಿ ತೊಳೆದರೆ ಸರಿಯಾಗುತ್ತದೆ. ಎರಡನೆಯದಕ್ಕೆ ಇನ್ನೊಂದು ಕ್ಯಾಮೆರಾದ ಪ್ರಿಸಂ ತಂದು ಹಾಕಬೇಕು. ಕಂಪನಿ 1976ರಲ್ಲೇ ಮುಚ್ಚಿತು, ಬಿಡಿಭಾಗಕ್ಕೆ ಬೇರೆ ದಾರಿ ಇಲ್ಲ.

ಪೆಟ್ರಿ 1907ರಲ್ಲಿ ಕುರಿಬಯಾಶಿ ಹೆಸರಿನಲ್ಲಿ ಶುರುವಾದ ಹಳೆಯ ಮನೆತನ. 1977ರಲ್ಲಿ ದಿವಾಳಿಯಾದ ಮೇಲೆ ಕಾರ್ಮಿಕ ಸಂಘದವರೇ ಸೇರಿ ಉತ್ಪಾದನೆ ಮುಂದುವರಿಸಿದರು. ಈ ಸಂಗತಿ ಓದಿದಾಗಲೆಲ್ಲ ನನಗೆ ಆ ಕೆಲಸಗಾರರ ಮೇಲೆ ಗೌರವ ಮೂಡುತ್ತದೆ. ಅವರ ಎಸ್‌ಎಲ್‌ಆರ್‌ಗಳು ಮಾತ್ರ ಕಡಿಮೆ ಬೆಲೆಗೆ ಮಾರಲು ಮಾಡಿದವು. ಕನ್ನಡಿ, ಶಟರ್, ರೋಲ್ ತಿರುಗಿಸುವ ಲೀವರ್ ಒಂದಕ್ಕೊಂದು ಕೈಜೋಡಿಸುವ ಕಡೆ ತಡವರಿಸುತ್ತವೆ. ಪೆಟ್ರಿ ಎಂದರೆ ರೇಂಜ್‌ಫೈಂಡರ್ ತೆಗೆದುಕೊಳ್ಳಿ.

ಎಣ್ಣೆ, ಸ್ಪಾಂಜ್, ಒಂದು ರಬ್ಬರ್ ತುಣುಕು

ಲೋಹ ಸವೆದು ಕೆಟ್ಟ ಹಳೆಯ ಕ್ಯಾಮೆರಾ ಅಪರೂಪ. ಹೆಚ್ಚಿನವು ಬಳಸದೆ ಇಟ್ಟದ್ದರಿಂದ ಕೆಡುತ್ತವೆ. ಆಗ ಹಾಕಿದ ಎಣ್ಣೆ, ಗ್ರೀಸ್‌ಗಳು ದಶಕಗಳಲ್ಲಿ ಗಾಳಿಯೊಂದಿಗೆ ಬೆರೆತು ದಪ್ಪಗಾಗುತ್ತವೆ. ತೆಳುವಾದ ಅಂಶ ಹರಿದು ಬೇಡದ ಕಡೆ ಸೇರುತ್ತದೆ, ಉಳಿದದ್ದು ಹರಳೆಣ್ಣೆ ಸೀಸೆಯ ಬಾಯಿಯಲ್ಲಿ ಕಟ್ಟಿದ ಜಿಗುಟಿನಂತೆ ಅಂಟಿಕೊಳ್ಳುತ್ತದೆ. ಎಲೆ ಶಟರಿನ ಎಲೆಗಳು ಒಣಗಿರಬೇಕು, ಅವಕ್ಕೆ ಎಣ್ಣೆಯೇ ಬೇಡ. ಫೋಕಸ್ ಉಂಗುರದ ಗ್ರೀಸ್‌ನಿಂದ ಬಿಟ್ಟ ಎಣ್ಣೆ ಅಲ್ಲಿಗೆ ಹರಿದು ಬಂದರೆ ಎಲೆಗಳು ಒಂದಕ್ಕೊಂದು ಅಂಟುತ್ತವೆ. ಅವನ್ನು ಎಳೆಯುವ ಸ್ಪ್ರಿಂಗ್‌ನ ಬಲ ತೀರಾ ಕಡಿಮೆ, ಆ ಅಂಟನ್ನು ಬಿಡಿಸುವಷ್ಟು ಶಕ್ತಿ ಅದಕ್ಕಿಲ್ಲ.

ನಿಧಾನ ವೇಗಗಳು ಮೊದಲು ಸಾಯುವುದಕ್ಕೂ ಇದೇ ಕಾರಣ. ಒಂದು ಸೆಕೆಂಡ್, ಅರ್ಧ ಸೆಕೆಂಡ್ ಲೆಕ್ಕ ಹಾಕಲು ಒಳಗೆ ಗಡಿಯಾರದಂಥದ್ದೇ ಪುಟ್ಟ ಗೇರ್ ಸಾಲು ಇದೆ. ಕೊನೆಯ ಚಕ್ರದ ಹಲ್ಲುಗಳ ಮೇಲೆ ಒಂದು ಸಣ್ಣ ಕೊಕ್ಕೆ ಅತ್ತಿತ್ತ ಕುಟ್ಟುತ್ತಾ ಅದನ್ನು ತಡೆದು ತಡೆದು ಬಿಡುತ್ತದೆ. ನೀವು ಕೇಳುವ ‘ಝರ್ರ್’ ಶಬ್ದ ಅದರದ್ದೇ. ಎಣ್ಣೆ ಗಟ್ಟಿಯಾದರೆ ಕೊನೆಯ, ಅಂದರೆ ಅತ್ಯಂತ ಕಡಿಮೆ ಬಲ ತಲುಪುವ ಚಕ್ರವೇ ಮೊದಲು ನಿಲ್ಲುತ್ತದೆ. 1/125ರಲ್ಲಿ ಕ್ಯಾಮೆರಾ ಚೆನ್ನಾಗಿ ಓಡಿ ಒಂದು ಸೆಕೆಂಡಿಗೆ ಇಟ್ಟಾಗ ತೆರೆದುಕೊಂಡೇ ಉಳಿದರೆ ಇದೇ ಸಮಸ್ಯೆ ಎಂದು ತಿಳಿಯಿರಿ.

ಸ್ಪಾಂಜಿನದ್ದು ಇನ್ನೊಂದು ಬಗೆ. ಹಿಂಬಾಗಿಲಿನ ಅಂಚಿಗೆ, ಕನ್ನಡಿ ಏಳುವಾಗ ತಾಗುವ ಜಾಗಕ್ಕೆ ಆಗ ಪಾಲಿಯುರಿಥೇನ್ ಸ್ಪಾಂಜ್ ಅಂಟಿಸುತ್ತಿದ್ದರು. ಗಾಳಿಯ ತೇವಕ್ಕೆ ಅದು ಒಳಗಿಂದೊಳಗೇ ಒಡೆದು ಡಾಂಬರಿನಂಥ ಅಂಟಾಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಕ್ಯಾಮೆರಾಗಳಲ್ಲಿ ಇದು ಬೇಗ. ಅಲ್ಲಿ ಜೊತೆಗೆ ಲೆನ್ಸಿಗೆ ಬೂಷ್ಟೂ ಹಿಡಿದಿರುತ್ತದೆ. ಬೆಳಕು ತಡೆಯುವ ಈ ಸ್ಪಾಂಜ್ ಪಟ್ಟಿ, ಅಂದರೆ ಸೀಲ್, ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಹಳೆಯದನ್ನು ಕಡ್ಡಿಯಿಂದ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಹೊಸ ಪಟ್ಟಿ ಅಂಟಿಸಿದರೆ ಮುಗಿಯಿತು. ಕೆರೆದ ಹುಡಿ ಶಟರಿನೊಳಗೆ ಬೀಳದಂತೆ ನೋಡಿಕೊಳ್ಳಬೇಕು, ಅಷ್ಟೇ.

ಒಂದು ರಬ್ಬರ್ ತುಣುಕು ಇಡೀ ಕ್ಯಾಮೆರಾವನ್ನು ಹೇಗೆ ಕೆಡಿಸಬಲ್ಲದು ಎಂಬುದಕ್ಕೆ ಯಾಶಿಕಾ ಎಲೆಕ್ಟ್ರೊ 35 ನೋಡಿ. 1966ರಲ್ಲಿ ಬಂದ ಈ ರೇಂಜ್‌ಫೈಂಡರ್ ಅಪರಿಚಿತವೇನಲ್ಲ, ನಮ್ಮಲ್ಲೂ ಬಹಳ ಮನೆಗಳ ಕಪಾಟಿನಲ್ಲಿ ಸಿಗುತ್ತದೆ. ಶಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹೇಳುತ್ತದೆ. ಆದರೆ ಆ ಸರ್ಕ್ಯೂಟ್ ಸರಿಯಾದ ಕ್ಷಣಕ್ಕೆ ಚಾಲೂ ಆಗುವುದು ಮೇಲಿಂದ ಕೆಳಗೆ ಸರಿಯುವ ಲೀವರ್‌ಗಳಿಂದ. ಆ ಲೀವರ್ ಮೇಲೆ ಬಂದು ನಿಲ್ಲುವ ಜಾಗದಲ್ಲಿ ಒಂದು ಪುಟ್ಟ ರಬ್ಬರ್ ಪ್ಯಾಡ್ ಇದೆ. ದಶಕಗಳಲ್ಲಿ ಅದು ಕರಗಿ, ಪುಡಿಯಾಗಿ ಹೋಗುತ್ತದೆ. ಪ್ಯಾಡ್ ಹೋದರೆ ಲೀವರ್ ನಿಲ್ಲಬೇಕಾದ ಜಾಗದಲ್ಲಿ ನಿಲ್ಲುವುದಿಲ್ಲ, ಸಂಪರ್ಕದ ತಂತಿಗಳು ಸರಿಯಾಗಿ ಕೂಡುವುದಿಲ್ಲ, ಎಕ್ಸ್‌ಪೋಶರ್ ಎಲ್ಲ ತಪ್ಪು. ಹೊಸ ಸೆಲ್ ಹಾಕಿ, ಸರ್ಕ್ಯೂಟ್ ಕೆಟ್ಟಿದೆಯೆಂದು ಕೈಚೆಲ್ಲುವವರೇ ಹೆಚ್ಚು. ಪರೀಕ್ಷೆ ಬಹಳ ಸುಲಭ. ರೋಲ್ ತಿರುಗಿಸುವ ಲೀವರ್ ಎಳೆಯುವಾಗ ಒಳಗೆ ‘ಟಕ್’ ಎಂದು ಸ್ಪಷ್ಟ ಶಬ್ದ ಬರಬೇಕು. ಬಂದರೆ ಪ್ಯಾಡ್ ಇದೆ. ಬರದಿದ್ದರೆ ಮೇಲಿನ ಮುಚ್ಚಳ ತೆಗೆದು ಹೊಸ ತುಣುಕು ಕೂರಿಸಬೇಕು.

ಕೈಗೆ ಬಂದಾಗ ನೋಡಬೇಕಾದ್ದು

ಕೆಲವು ಕ್ಯಾಮೆರಾಗಳ ಮೇಲೆ ಅಂಡಾಕಾರದ ಚಿನ್ನದ ಬಣ್ಣದ ಚೀಟಿ ಇನ್ನೂ ಅಂಟಿಕೊಂಡಿರುತ್ತದೆ. 1954ರಲ್ಲಿ ಸ್ಥಾಪನೆಯಾದ ಜಪಾನ್ ಕ್ಯಾಮೆರಾ ಪರೀಕ್ಷಣಾ ಸಂಸ್ಥೆ ರಫ್ತಿಗೆ ಯೋಗ್ಯವೆಂದು ಪಾಸು ಮಾಡಿದ ಗುರುತು ಅದು. ಜಪಾನಿ ಮಾಲು ಎಂದರೆ ಅಗ್ಗದ ನಕಲು ಎಂಬ ಅಪಖ್ಯಾತಿಯನ್ನು ತೊಡೆಯಲು ಆ ದೇಶ ಕಟ್ಟಿದ ಶಿಸ್ತಿನ ಭಾಗ. ಪೆಟ್ರಿ, ಮಿರಾಂಡಾಗಳೂ ಅದನ್ನು ದಾಟಿಯೇ ಹೊರಬಂದವು. ಮಾರುವವರು ಅದನ್ನು ತೋರಿಸಿ ಬೆಲೆ ಏರಿಸಿದರೆ ಒಪ್ಪಬೇಡಿ. ಕಾರ್ಖಾನೆ ಬಿಟ್ಟ ದಿನದ ಮಾತು ಅದು, ಇವತ್ತಿನದಲ್ಲ.

ಕ್ಯಾಮೆರಾದ ಹಿಂಬಾಗಿಲು ತೆರೆದು, ಬಿಳಿ ಗೋಡೆಗೆ ಅಥವಾ ಕಿಟಕಿಗೆ ಹಿಡಿದು ಎಲ್ಲ ವೇಗಗಳನ್ನೂ ಒತ್ತಿ ನೋಡಿ. ಒಂದು ಸೆಕೆಂಡಿನಿಂದ ಶುರು ಮಾಡಿ. ಝರ್ರ್ ಶಬ್ದ ಏಕಸಮವಾಗಿ, ತಡವರಿಸದೆ ಬರಬೇಕು. 1/1000ದಲ್ಲಿ ಚೌಕದ ಎರಡೂ ಬದಿ ಬೆಳಕು ಮಿಂಚಬೇಕು. ಒಂದು ಬದಿ ಕತ್ತಲಾಗಿದ್ದರೆ ಪರದೆಗಳ ಓಟ ಹೊಂದುತ್ತಿಲ್ಲ. ಫೋನಿನ ಸ್ಲೋ ಮೋಷನ್ ವಿಡಿಯೊ ಸೆಕೆಂಡಿಗೆ 240 ಫ್ರೇಮ್ ಹಿಡಿದರೆ, ಶಟರ್ ತೆರೆದಿರುವ ಫ್ರೇಮ್‌ಗಳನ್ನು ಎಣಿಸಿ 1/30ರವರೆಗಿನ ವೇಗಗಳನ್ನು ಚೆನ್ನಾಗಿಯೇ ಅಳೆಯಬಹುದು. ಅದಕ್ಕಿಂತ ವೇಗಕ್ಕೆ ಈ ಲೆಕ್ಕ ಸಾಲದು. ಮೊದಲ ಒತ್ತಿಗೆ ನಿಧಾನವಾಗಿ, ಹತ್ತನೆಯದಕ್ಕೆ ಸರಿಯಾಗಿ ಓಡಿದರೆ ‘ಈಗ ಸರಿಹೋಯಿತು’ ಎಂದುಕೊಳ್ಳಬೇಡಿ. ಗ್ರೀಸ್ ಸ್ವಲ್ಪ ಹೊತ್ತು ಸಡಿಲಾಗಿದೆ, ನಾಳೆ ಬೆಳಿಗ್ಗೆ ಮತ್ತೆ ಅದೇ ಪಾಡು. ಮಾರುವವರ ಮುಂದೆ ಮೊದಲ ಒತ್ತು ನಿಮ್ಮದಾಗಿರಲಿ.

ಎಲೆ ಶಟರಿನ ಕ್ಯಾಮೆರಾಗಳಲ್ಲಿ ಸೆಲ್ಫ್ ಟೈಮರ್ ಮುಟ್ಟಲೇಬೇಡಿ. ಅದಕ್ಕೂ ಅಂಥದ್ದೇ ಗೇರ್ ಸಾಲು, ದಶಕಗಳಿಂದ ಯಾರೂ ಅಲುಗಿಸಿರುವುದಿಲ್ಲ. ನಡುವೆ ನಿಂತರೆ ಇಡೀ ಶಟರ್ ಬಂದ್. ಲೀವರ್ ಬಿಗಿಯಾಗಿದ್ದರೆ ಬಲ ಹಾಕಬೇಡಿ. ಸಿಕ್ಕಿಕೊಂಡದ್ದು ಬಿಡಿಸಬಹುದು, ಮುರಿದ ಗೇರ್‌ಗೆ ಇನ್ನೊಂದು ಕ್ಯಾಮೆರಾವನ್ನೇ ಬಲಿಕೊಡಬೇಕು. ಡಬ್ಲ್ಯುಡಿ-40 ತರಹದ ಎಣ್ಣೆ ಸ್ಪ್ರೇಯನ್ನು ಸಂದಿಗಳಿಗೆ ಹೊಡೆಯುವವರನ್ನು ನೋಡಿದ್ದೇನೆ. ಒಂದು ವಾರ ಕ್ಯಾಮೆರಾ ಸೊಗಸಾಗಿ ಓಡುತ್ತದೆ. ಆಮೇಲೆ ಅದೇ ಎಣ್ಣೆ ಎಲೆಗಳಿಗೆ, ಪರದೆಗೆ, ಕನ್ನಡಿಗೆ ಹರಿದು, ಮೊದಲು ಒಂದು ಕಡೆ ಇದ್ದ ರೋಗವನ್ನು ಎಲ್ಲ ಕಡೆ ಹಬ್ಬಿಸುತ್ತದೆ.

ಬಿಚ್ಚುವ ಧೈರ್ಯ ಇರುವವರಿಗೆ ಒಂದು ಮಾತು. ಜಪಾನಿ ಕ್ಯಾಮೆರಾದ ಪ್ಲಸ್ ಸ್ಕ್ರೂಗಳು ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಫಿಲಿಪ್ಸ್ ಸ್ಕ್ರೂಡ್ರೈವರಿಗೆ ಸರಿಹೊಂದುವುದಿಲ್ಲ. ಅವು ಜೆಐಎಸ್ ಎಂಬ ಜಪಾನಿ ಮಾನಕದವು, ತುದಿಯ ಆಕಾರವೇ ಸ್ವಲ್ಪ ಬೇರೆ. ಫಿಲಿಪ್ಸ್ ಹಾಕಿ ತಿರುಗಿಸಿದರೆ ಪೂರ್ತಿ ಕೆಳಗೆ ಕೂರದೆ ಜಾರಿ ತಲೆ ಕಿತ್ತುಬರುತ್ತದೆ. ಕಿತ್ತುಹೋದ ಸ್ಕ್ರೂ ತಲೆಗಳು ಕಂಡರೆ ಯಾರೋ ಹಿಂದೆ ತಿಳಿಯದೆ ಬಿಚ್ಚಿದ್ದಾರೆಂದೇ ಅರ್ಥ. ಕೊಳ್ಳುವಾಗ ನಾನು ಲೆನ್ಸಿಗಿಂತ ಮೊದಲು ನೋಡುವುದು ತಳದ ತಗಡಿನ ಸ್ಕ್ರೂಗಳನ್ನು.

ಎಲ್ಲ ಸರಿಯೆನಿಸಿದ ಮೇಲೂ ಮೊದಲ ರೋಲ್ ಪರೀಕ್ಷೆಗೇ ಮೀಸಲಿಡಿ. ಬೆಳಕು ಬದಲಾಗದ ಒಂದು ಬಯಲಿನಲ್ಲಿ ನಿಂತು, ಪ್ರತಿ ವೇಗಕ್ಕೂ ತಕ್ಕ ಅಪರ್ಚರ್ ಇಟ್ಟು, ಒಂದೇ ದೃಶ್ಯವನ್ನು ತೆಗೆಯಿರಿ, ಬರೆದಿಟ್ಟುಕೊಳ್ಳಿ. ತೊಳೆದ ನೆಗೆಟಿವ್ ಎಲ್ಲ ಹೇಳುತ್ತದೆ. ಎಲ್ಲ ಫ್ರೇಮ್‌ಗಳ ಸಾಂದ್ರತೆ ಒಂದೇ ಆಗಿದ್ದರೆ ಶಟರ್ ಸರಿ. ವೇಗದ ಫ್ರೇಮ್‌ಗಳಲ್ಲಿ ಮಾತ್ರ ಒಂದು ಅಂಚು ತೆಳುವಾಗಿದ್ದರೆ ಪರದೆಯ ಸ್ಪ್ರಿಂಗ್. ಪ್ರತಿ ಫ್ರೇಮಿನಲ್ಲೂ ಒಂದೇ ಜಾಗದಲ್ಲಿ ಕರಿ ಚುಕ್ಕೆ ಇದ್ದರೆ ಬಟ್ಟೆಗೆ ತೂತು. ಅಂಚಿನಿಂದ ಒಳಕ್ಕೆ ಚಾಚಿದ ಕರಿ ಗೆರೆಗಳು ಹಿಂಬಾಗಿಲಿನ ಸೀಲ್‌ನವು. ಫ್ರೇಮ್‌ಗಳು ಒಂದರ ಮೇಲೊಂದು ಹತ್ತಿದ್ದರೆ ರೋಲ್ ತಿರುಗಿಸುವ ಭಾಗದಲ್ಲಿ ಜಾರುತ್ತಿದೆ. ಸೀಲ್ ನೀವೇ ಹಾಕಬಹುದು. ಸ್ಪ್ರಿಂಗ್ ಹದ ಮಾಡುವುದು ಬಲ್ಲ ಮೆಕ್ಯಾನಿಕ್ ಕೆಲಸ. ಬಟ್ಟೆಯ ತೂತಿಗೆ ಕಪ್ಪು ರಬ್ಬರ್ ಬಣ್ಣದ ಒಂದು ಹನಿ ಕೆಲವು ಕಾಲ ಸಾಕು. ಫ್ರೇಮ್‌ಗಳು ಒಂದರ ಮೇಲೊಂದು ಹತ್ತುವ ಕ್ಯಾಮೆರಾವನ್ನು, ಮಾರಿದವರು ತೆಗೆದುಕೊಳ್ಳುವುದಾದರೆ, ವಾಪಸ್ ಕೊಟ್ಟುಬಿಡಿ.